ಕುರಿಯ ಕಾಲು, ಮಣ್ಣಿನ ಹದ

ರಸ್ತೆಯಲ್ಲಿ ರೋಲರು ಕಂಡರೆ ನಿಂತು ನೋಡುವವರು ಮಕ್ಕಳು ಮಾತ್ರ. ದೊಡ್ಡವರಿಗೆ ಅದು ದಾರಿಗೆ ಅಡ್ಡ ಬಂದ ಪೀಡೆ. ವಿಮಾನದ ವಿನ್ಯಾಸ ಮಾಡುತ್ತಿದ್ದೆ, ಹಡಗಿನ ವಿನ್ಯಾಸ ಮಾಡುತ್ತಿದ್ದೆ ಎಂದರೆ ಜನ ಕಿವಿ ನಿಮಿರಿಸುತ್ತಾರೆ. ರೋಲರಿನ ವಿನ್ಯಾಸ ಮಾಡುತ್ತಿದ್ದೆ ಎಂದರೆ, 'ಅದರಲ್ಲಿ ವಿನ್ಯಾಸ ಮಾಡುವುದಕ್ಕೆ ಏನಿದೆ ಸ್ವಾಮಿ, ಭಾರವಾಗಿದ್ದರೆ ಸಾಕಲ್ಲವೆ?' ಎನ್ನುತ್ತಾರೆ. ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮ ಸಂಘದ ಒಂದು ಸಂತೋಷಕೂಟದಲ್ಲಿ ನನ್ನ ಉದ್ಯೋಗ ಕೇಳಿದ ಒಬ್ಬ ಮಹನೀಯರು, ನಾನು ಕಬ್ಬಿನ ಗಾಣದ ಕಂಪನಿಯವನೆಂದು ತಿಳಿದು ಬೆಲ್ಲದ ಧಾರಣೆ ವಿಚಾರಿಸಿದರು. ಅವರ ಶ್ರೀಮತಿಯವರು ಕೂದಲು ಸುರುಳಿ ಮಾಡುವ ರೋಲರೆಂದು ಭಾವಿಸಿದ್ದರಂತೆ. ಇಬ್ಬರ ಉತ್ಸಾಹಕ್ಕೂ ತಣ್ಣೀರೆರಚಬೇಕಾಯಿತು.

1968ರಿಂದ 1999ರವರೆಗೆ, ಮೂವತ್ತೊಂದು ವರ್ಷ, ನಾನು ಮಾಡಿದ್ದು ಅದೊಂದೇ ಕೆಲಸ: ಮಣ್ಣು ತುಳಿಯುವ ಯಂತ್ರಗಳ ನಕ್ಷೆ ಬರೆಯುವುದು. ಅದರಲ್ಲಿ ಏನಿದೆ ಎಂಬ ಪ್ರಶ್ನೆಗೆ ಇಷ್ಟು ವರ್ಷಗಳಲ್ಲಿ ಯಾರಿಗೂ ಸಾವಧಾನವಾಗಿ ಉತ್ತರ ಕೊಟ್ಟಿಲ್ಲ. ಸಂಪಾದಕರು ಜಾಗ ಕೊಟ್ಟಿದ್ದಾರೆ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ಮಣ್ಣೆಂದರೆ ಬರೀ ಮಣ್ಣಲ್ಲ. ಕಣ, ನೀರು, ಗಾಳಿ ಮೂರೂ ಸೇರಿದ ಸಂಸಾರ ಅದು. ರೋಲರಿನ ಕೆಲಸ ಈ ಸಂಸಾರದಿಂದ ಗಾಳಿಯನ್ನು ಹೊರಗಟ್ಟುವುದು. ಗಾಳಿ ಉಳಿದ ಕಡೆ ನಾಳೆ ನೀರು ನುಗ್ಗುತ್ತದೆ; ನೀರು ನುಗ್ಗಿದ ಕಡೆ ರಸ್ತೆಯಾದರೆ ಕುಸಿಯುತ್ತದೆ, ಕೆರೆ ಏರಿಯಾದರೆ ಒಡೆಯುತ್ತದೆ. ಹಾಗೆಂದು ಒಣಮಣ್ಣನ್ನು ಎಷ್ಟು ತುಳಿದರೂ ಪ್ರಯೋಜನವಿಲ್ಲ, ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಹಟ ಹಿಡಿದು ನಿಲ್ಲುತ್ತವೆ. ನೀರು ಹೆಚ್ಚಾದರೆ ಸಂದುಗಳಲ್ಲೆಲ್ಲ ನೀರೇ ತುಂಬಿರುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ಮೇಲೆ ಹತ್ತು ಟನ್ ಹೋದರೂ ನೆಲ ಹಾಸಿಗೆಯ ಹಾಗೆ ತಗ್ಗಿ, ರೋಲರು ಮುಂದೆ ಹೋದ ಕೂಡಲೇ ಮತ್ತೆ ಏಳುತ್ತದೆ. ಈ ಎರಡರ ನಡುವೆ ಒಂದು ಹದವಿದೆ. ಇಂಗ್ಲಿಷಿನ ಪುಸ್ತಕಗಳಲ್ಲಿ ಅದಕ್ಕೆ ಮೂರು ಪದಗಳ ದೊಡ್ಡ ಹೆಸರಿದೆ. ನಮಗೆ 'ಹದ' ಎಂಬ ಎರಡಕ್ಷರ ಸಾಕು.

ಈ ಹದ ನನಗೆ ಗೊತ್ತಾದದ್ದು ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ. ಶಿರಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸುಗ್ಗಿಗೆ ಮುಂಚೆ ಕಣ ಮಾಡುವಾಗ ನೆಲ ಅಗೆದು, ನೀರು ಹಾಕಿ, ಒಂದು ರಾತ್ರಿ ಬಿಡುತ್ತಿದ್ದರು. ಬೆಳಿಗ್ಗೆ ಅಜ್ಜಿ ಬಂದು ಒಂದು ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡುತ್ತಿದ್ದಳು. ಪುಡಿಯಾದರೆ ಇನ್ನೂ ನೀರು ಬೇಕು. ಚಪ್ಪಟೆಯಾಗಿ ಕೂತರೆ ಇನ್ನೂ ಬಿಸಿಲು ಬೇಕು. ಮೂರು ನಾಲ್ಕು ಹೋಳಾದರೆ, 'ಹೂಂ, ಗುಂಡು ಹೂಡ್ರೋ' ಎನ್ನುತ್ತಿದ್ದಳು. ಆಮೇಲೆ ರೋಣಗಲ್ಲಿಗೆ ಎತ್ತು ಕಟ್ಟಿ ಸುತ್ತು ಹೊಡೆಸಿ, ಸಗಣಿ ಸಾರಿಸಿದರೆ, ರಾಗಿಯ ಒಂದು ಕಾಳೂ ನೆಲದೊಳಕ್ಕೆ ಇಳಿಯುತ್ತಿರಲಿಲ್ಲ.

ಅಜ್ಜಿಯ ಈ ಪರೀಕ್ಷೆಗೆ ಅಂಕಿಸಂಖ್ಯೆಯ ಅಂಗಿ ತೊಡಿಸಿದವರು ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಪ್ರಾಕ್ಟರ್. ಅದರ ಹಿಂದೊಂದು ದುರಂತವಿದೆ. 1928ರ ಮಾರ್ಚಿಯಲ್ಲಿ ಆ ಇಲಾಖೆಯ ಸೇಂಟ್ ಫ್ರಾನ್ಸಿಸ್ ಎಂಬ ಕಾಂಕ್ರೀಟ್ ಅಣೆಕಟ್ಟು ನಡುರಾತ್ರಿಯಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದರ ಬದಲಿಗೆ ಬೇರೊಂದು ಕಣಿವೆಯಲ್ಲಿ ಮಣ್ಣಿನ ಕಟ್ಟೆ ಕಟ್ಟುವಾಗ, ಜನರಿಗೆ ನಂಬಿಕೆ ಬರಬೇಕಾದರೆ ಮಣ್ಣು ಗಟ್ಟಿಯಾಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದಾಯಿತು. ಪ್ರಾಕ್ಟರರು 1933ರಲ್ಲಿ ನಾಲ್ಕು ಲೇಖನಗಳನ್ನು ಬರೆದು ತಮ್ಮ ಕ್ರಮವನ್ನು ಪ್ರಕಟಿಸಿದರು. ಒಂದು ಕಬ್ಬಿಣದ ಅಚ್ಚು, ಅದರಲ್ಲಿ ಮೂರು ಪದರ ಮಣ್ಣು, ಪದರಕ್ಕೆ ಇಪ್ಪತ್ತೈದು ಪೆಟ್ಟು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಮಣ್ಣಿನ ಸಾಂದ್ರತೆ ಗುಡ್ಡದ ಹಾಗೆ ಏರಿ ಮತ್ತೆ ಇಳಿಯುತ್ತದೆ. ಗುಡ್ಡದ ನೆತ್ತಿಯೇ ಹದ. ನಮ್ಮ ಭಾರತೀಯ ಮಾನಕದಲ್ಲೂ ಇದೇ ಪರೀಕ್ಷೆ, ಅಚ್ಚು 1000 ಘನ ಸೆಂಟಿಮೀಟರು, ಸುತ್ತಿಗೆ 2.6 ಕಿಲೊ, ಬೀಳುವ ಎತ್ತರ 310 ಮಿಲಿಮೀಟರು. ಭಾರಿ ಯಂತ್ರಗಳು ಬಂದ ಮೇಲೆ 4.9 ಕಿಲೊ ಸುತ್ತಿಗೆಯ, ಐದು ಪದರದ ಇನ್ನೊಂದು ಪರೀಕ್ಷೆಯೂ ಸೇರಿತು. ಹೆದ್ದಾರಿಯ ಮೇಲುಪದರಕ್ಕೆ ಆ ಎರಡನೆಯ ಲೆಕ್ಕದಲ್ಲಿ ಶೇಕಡ 97 ಬರಬೇಕು ಎಂಬುದು ಈಗಿನ ಕಟ್ಟಳೆ.

ಇನ್ನು ರೋಲರು. ಉಗಿ ರೋಲರಿನ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ ಎಂಬುದು ಬಹಳ ಜನಕ್ಕೆ ತಿಳಿಯದು. ಇಂಗ್ಲೆಂಡಿನ ಅವೆಲಿಂಗ್ ಕಂಪನಿ ಹೆಸರು ಮಾಡುವುದಕ್ಕೆ ಮುನ್ನವೇ, 1863ರಲ್ಲಿ, ಕಲ್ಕತ್ತ ನಗರಸಭೆಯ ಎಂಜಿನಿಯರ್ ಕ್ಲಾರ್ಕ್ ಮತ್ತು ಬರ್ಮಿಂಗ್‌ಹ್ಯಾಮಿನ ಬಾಥೋ ಸೇರಿ ಒಂದು ಉಗಿ ರೋಲರಿನ ವಿನ್ಯಾಸ ಮಾಡಿದ್ದರು. ನಾವೆಲ್ಲ ಬಾಲ್ಯದಲ್ಲಿ ಕಂಡ, ಮುಂದೆ ಒಂದು ಹಿಂದೆ ಎರಡು ಉಕ್ಕಿನ ಗಾಲಿಯ, ಎಂಟು ಹತ್ತು ಟನ್ನಿನ ಆಸಾಮಿ ಅದರ ವಂಶಸ್ಥನೇ. ಜಲ್ಲಿ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ನುಣುಪು ಗಾಲಿ ಜೇಡಿಮಣ್ಣಿನ ಮೇಲೆ ಹೋದರೆ ಮೇಲೊಂದು ಗಟ್ಟಿ ಸಿಪ್ಪೆ ಮಾಡಿ, ಒಳಗಿನದನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಹೊರಗೆ ಕರಿದು ಒಳಗೆ ಹಸಿ ಉಳಿದ ಬೋಂಡದ ಹಾಗೆ.

ಜೇಡಿಮಣ್ಣಿಗೆ ಔಷಧ ಕುರಿ. ಹಾಸ್ಯವಲ್ಲ. ಕಳೆದ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಕಡೆ, ಕೆದಕಿ ಸಡಿಲ ಮಾಡಿದ್ದ ಒಂದು ರಸ್ತೆಯ ಮೇಲೆ ದೊಡ್ಡ ಕುರಿಮಂದೆಯೊಂದು ಹಾದುಹೋಯಿತೆಂದೂ, ಆಮೇಲೆ ನೋಡಿದರೆ ಆ ನೆಲ ಯಾವ ರೋಲರೂ ಮಾಡದಷ್ಟು ಗಟ್ಟಿಯಾಗಿತ್ತೆಂದೂ, ಅದನ್ನು ಕಂಡ ಗುತ್ತಿಗೆದಾರರು ಮರದ ದಿಮ್ಮಿಗೆ ರೈಲುಹಳಿಯ ಮೊಳೆಗಳನ್ನು ಹೊಡೆದು ಮೊದಲ 'ಶೀಪ್ಸ್‌ಫುಟ್' ರೋಲರು ಮಾಡಿದರೆಂದೂ ನಮ್ಮ ವೃತ್ತಿಯಲ್ಲಿ ಕಥೆ ಹೇಳುತ್ತಾರೆ. ಆಮೇಲೆ ದಿಮ್ಮಿ ಹೋಗಿ ಉಕ್ಕಿನ ಡ್ರಮ್ಮು ಬಂತು, ಹೆಸರು ಮಾತ್ರ ಕುರಿಯದೇ ಉಳಿಯಿತು.

ಇದರ ಸೊಗಸೆಂದರೆ, ಇದು ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತದೆ. ಮೊದಲ ಸಲ ಹೋದಾಗ ಕಾಲುಗಳು ಪೂರ್ತಿ ಹೂತು ಡ್ರಮ್ಮಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ತಳ ಗಟ್ಟಿಯಾದ ಹಾಗೆ, ಸುತ್ತಿನಿಂದ ಸುತ್ತಿಗೆ ಡ್ರಮ್ಮು ಮೇಲೇಳುತ್ತದೆ; ಕೊನೆಗೆ ಮಣ್ಣಿನ ಮೇಲೆ ಬೆರಳ ತುದಿಯಲ್ಲಿ ನಡೆದಂತೆ ನಡೆಯುತ್ತದೆ. ಕಾಲು ಇನ್ನು ಇಳಿಯುವುದಿಲ್ಲ ಎಂದಾಗ ಆ ಪದರದ ಕೆಲಸ ಮುಗಿಯಿತೆಂದು ಅರ್ಥ. ತನ್ನ ಕೆಲಸ ಮುಗಿದದ್ದನ್ನು ತಾನೇ ಹೇಳುವ ಯಂತ್ರ ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ನನ್ನ ಪಾಲಿಗೆ ಬಂದದ್ದು ಆ ಕಾಲು. ನಗಬೇಡಿ, ಎರಡು ವರ್ಷ ಅದೇ ಕೆಲಸ. ಕಾಲಿನ ತುದಿ ಚಿಕ್ಕದಾದರೆ ಒತ್ತಡ ಮಿತಿಮೀರಿ ಮಣ್ಣು ಬದಿಗೆ ಹರಿಯುತ್ತದೆ, ದೊಡ್ಡದಾದರೆ ಒತ್ತಡ ಸಾಲದು. ಮೂರು ಟನ್ನಿನ ಡ್ರಮ್ಮು ಒಂದು ಸಾಲಿನ ನಾಲ್ಕು ಕಾಲುಗಳ ಮೇಲೆ ನಿಂತಿದೆ, ಒಂದೊಂದರ ತುದಿ 40 ಚದರ ಸೆಂಟಿಮೀಟರು ಎನ್ನಿ. ಚದರ ಸೆಂಟಿಮೀಟರಿಗೆ ಸುಮಾರು 19 ಕಿಲೊ ಬಿತ್ತು. ಇಷ್ಟು ಲೆಕ್ಕ ಯಾರಾದರೂ ಹಾಕುತ್ತಾರೆ. ತೊಂದರೆ ಇರುವುದು ಕಾಲು ಒಳಗೆ ಹೋಗುವುದರಲ್ಲಲ್ಲ, ಹೊರಗೆ ಬರುವುದರಲ್ಲಿ. ಡ್ರಮ್ಮು ಉರುಳುವಾಗ ಕಾಲು ನೇರವಾಗಿ ಮೇಲೇಳುವುದಿಲ್ಲ, ಒಂದು ಕಮಾನಿನಲ್ಲಿ ಬಾಗಿ ಏಳುತ್ತದೆ. ಬದಿಗಳ ಓರೆ ಸರಿಯಿಲ್ಲದಿದ್ದರೆ ಈಗಷ್ಟೇ ಗಟ್ಟಿ ಮಾಡಿದ ಮಣ್ಣನ್ನು ಹಿಂಬದಿಯಿಂದ ಕಿತ್ತುಕೊಂಡೇ ಏಳುತ್ತದೆ. ಮುದ್ದೆಯ ಪಾತ್ರೆಯಿಂದ ಕೋಲು ತೆಗೆಯುವುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಅದನ್ನು ನಕ್ಷೆಯ ಹಲಗೆಯ ಮೇಲೆ ಡಿಗ್ರಿಗಳಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಕಾಲುಗಳ ನಡುವೆ ಮೆತ್ತಿಕೊಂಡ ಮಣ್ಣನ್ನು ಹೆರೆಯಲು ಬಾಚಣಿಗೆಯಂಥ ಹಲ್ಲುಗಳು ಬೇರೆ.

ನಮ್ಮ ಡ್ರಾಯಿಂಗ್ ಆಫೀಸಿನ ಮುಖ್ಯಸ್ಥರು ಪುಣೆಯವರು. 1961ರ ಜುಲೈ 12ರಂದು ಪಾನಶೇತ್ ಕಟ್ಟೆ ಒಡೆದಾಗ ನದಿಯ ಬಳಿಯ ಅವರ ಮನೆಯಲ್ಲಿ ಅಟ್ಟದವರೆಗೆ ನೀರು ನಿಂತಿತ್ತಂತೆ. ನಿರ್ಮಾಣ ಮುಗಿಯುವ ಮೊದಲೇ ನೀರು ತುಂಬಿದ ಮಣ್ಣಿನ ಕಟ್ಟೆ ಅದು. ನೀರು ಬಿಡುವ ಕೊಳವೆಯ ಮೇಲಿನ ಮಣ್ಣು ಕುಸಿದು ಹೋಯಿತು, ಅದೇ ದಿನ ಕೆಳಗಿನ ಖಡಕವಾಸಲೆಯ ಹಳೆಯ ಕಟ್ಟೆಯೂ ಕೊಚ್ಚಿಹೋಯಿತು. ಅವರು ನನ್ನ ನಕ್ಷೆಗಳನ್ನು ತಿದ್ದುವಾಗ ಯಂತ್ರದ ಬಗ್ಗೆ ಕೇಳುತ್ತಿದ್ದುದು ಕಡಮೆ. 'ಇದು ಕಲ್ಲುಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆ?' ಎಂದು ಕೇಳುತ್ತಿದ್ದರು. ಡ್ರಮ್ಮಿನ ಆಚೆಗೆ ಚೌಕಟ್ಟು ಎಂಟು ಅಂಗುಲ ಚಾಚಿದ್ದರೆ, ಗೋಡೆಯ ಪಕ್ಕದ ಎಂಟು ಅಂಗುಲ ಮಣ್ಣನ್ನು ಯಾರೂ ತುಳಿಯುವುದಿಲ್ಲ. ಆ ಎಂಟು ಅಂಗುಲದ ಮೇಲೆ ಅವರಿಗಿದ್ದ ಕೋಪ ಆಗ ನನಗೆ ಅತಿಯೆನಿಸುತ್ತಿತ್ತು.

1977ರ ಹಿಂಗಾರಿನಲ್ಲಿ ನಮ್ಮೂರ ಕೆರೆ ಒಡೆಯಿತು. ಅಣ್ಣಯ್ಯನ ಕಾಗದ ಬಂದದ್ದು ಆರು ದಿನದ ಮೇಲೆ. ತೂಬಿನ ಪಕ್ಕದಲ್ಲೇ ಒಡೆದಿತ್ತು. ಹಿಂದೆ ಯಾವಾಗಲೋ ತೂಬಿನ ಕಲ್ಲು ಬದಲಿಸಿದಾಗ ಸುತ್ತ ಬರೀ ಮಣ್ಣು ಸುರಿದು ಬಿಟ್ಟಿದ್ದರು. ಕಲ್ಲಿನ ಮೈಗುಂಟ ನೀರು ದಾರಿ ಮಾಡಿಕೊಂಡಿತ್ತು. ಅಚ್ಚುಕಟ್ಟಿನ ಗದ್ದೆಗಳ ಮೇಲೆಲ್ಲ ಮೊಣಕಾಲುದ್ದ ಮರಳು, ನಮ್ಮ ಎರಡೂವರೆ ಎಕರೆಯೂ ಸೇರಿ. ರಾತ್ರಿ ತೂಬು ಎತ್ತಲು ಹೋಗಿದ್ದ ನೀರುಗಂಟಿ ಹಿಂದಿರುಗಲಿಲ್ಲ. ಕಾಗದದ ಕೊನೆಯಲ್ಲಿ ಅಣ್ಣಯ್ಯ ಬರೆದಿದ್ದ: 'ಬೇಸಿಗೇಲಿ ಏರಿ ಕಟ್ಟಿಸ್ತಾರಂತೆ. ಕಂತ್ರಾಟುದಾರ ಬುಲ್ಡೋಜರ್ ತರ್ತೀನಿ, ಅದೇ ಓಡಾಡಿದ್ರೆ ಸಾಕು, ಬೇರೆ ತುಳಿಸೋದು ಬೇಡ ಅಂತಾನೆ. ನೀನು ಮಣ್ಣು ತುಳಿಯೋ ಮಿಷನ್ ಮಾಡೋನಲ್ವಾ, ಇದು ನಿಜವಾ ತಿಳಿಸು.'

ಅಣ್ಣಯ್ಯ ಓದಿದ್ದು ನಾಲ್ಕನೆಯ ಇಯತ್ತೆ. ಕೇಳಿದ ಪ್ರಶ್ನೆ ಮಾತ್ರ ಪರೀಕ್ಷಕರು ಕೇಳುವಂಥದು. ಹದಿನೈದು ಟನ್ನಿನ ಬುಲ್ಡೋಜರು ನೋಡಲು ಆನೆ, ಆದರೆ ಅದನ್ನು ಮಾಡಿರುವುದೇ ಕೆಸರಿನಲ್ಲಿ ಹೂಳದಿರಲಿ ಎಂದು. ಅರ್ಧ ಮೀಟರು ಅಗಲ, 2.4 ಮೀಟರು ಉದ್ದದ ಎರಡು ಪಟ್ಟಿಗಳ ಮೇಲೆ ಭಾರ ಹರಡಿದರೆ ಚದರ ಸೆಂಟಿಮೀಟರಿಗೆ 0.6 ಕಿಲೊ ಚಿಲ್ಲರೆ. ಮೂವತ್ತು ಕಿಲೊ ಕುರಿ ನಡೆಯುವಾಗ ಎರಡು ಗೊರಸು ನೆಲದ ಮೇಲಿರುತ್ತವೆ, ಒಂದೊಂದೂ ಹತ್ತು ಚದರ ಸೆಂಟಿಮೀಟರು ಎಂದರೂ ಒಂದೂವರೆ ಕಿಲೊ ಆಯಿತು. 'ಬುಲ್ಡೋಜರಿಗಿಂತ ಕುರಿ ಎರಡು ಪಾಲು ಮೇಲು' ಎಂದು ಬರೆದೆ. ಅಣ್ಣಯ್ಯ ಆ ಕಾಗದ ಹಿಡಿದುಕೊಂಡು ಕಚೇರಿಗೆ ಹೋದನಂತೆ. ಅಲ್ಲಿನವರು, 'ಎಸ್ಟಿಮೇಟಿನಲ್ಲಿ ಕುರಿ ಎಂಬ ಐಟಂ ಇಲ್ಲ' ಎಂದು ಕಳಿಸಿದರು.

1978ರ ಫೆಬ್ರವರಿಯಲ್ಲಿ ಇಪ್ಪತ್ತು ದಿನ ರಜ ಹಾಕಿ ಹೋದೆ. ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಪ್ರಾಕ್ಟರ್ ಅಚ್ಚು ಮತ್ತು ಸುತ್ತಿಗೆ. ಗುಂತಕಲ್ಲಿನಲ್ಲಿ ಕೂಲಿಯವನು ಎತ್ತಿ ನೋಡಿ, ಒಳಗೇನು ಕಳ್ಳಬಂಗಾರವೇ ಎಂದು ಕೇಳಿದ. ಕಂಪನಿಯ ರೋಲರನ್ನು ಅಲ್ಲಿಗೆ ತರಿಸುವುದು ಕನಸಿನ ಮಾತು. ಹಾಗಾಗಿ ಕ್ಯಾಲಿಫೋರ್ನಿಯದ ಹಳೆಯ ದಾರಿಯನ್ನೇ ಹಿಡಿದೆವು. ಬಿದ್ದಿದ್ದ ಒಂದು ಹುಣಿಸೆಮರದ ದಿಮ್ಮಿ, ಎರಡೂವರೆ ಅಡಿ ದಪ್ಪ, ಐದಡಿ ಉದ್ದ. ಊರಿನಲ್ಲಿ ಹುಡುಕಿದರೆ ಮುರಿದ ಗಾಡಿಗಳ ಏಳು ಕಬ್ಬಿಣದ ಅಚ್ಚು ಸಿಕ್ಕವು. ಆಚಾರಿ ಅವನ್ನು ಅಡಿಯುದ್ದದ ಮೂವತ್ತೆರಡು ತುಂಡು ಮಾಡಿ, ಕಾಯಿಸಿ, ದಿಮ್ಮಿಯಲ್ಲಿ ತೂತು ಕೊರೆದು, ಏಳಂಗುಲ ಹೊರಗಿರುವಂತೆ ಸಾಲುಸಾಲಾಗಿ ಜಡಿದ. ತುದಿಗೆ ಓರೆ ಕೊಡುವಾಗ ನಾನು ಕಾಗದದಲ್ಲಿ ಕೋನ ಬರೆದು ಕೊಟ್ಟರೆ, ಆತ ಅದನ್ನು ನೋಡದೆ, 'ನೇಗಿಲ ಗುಳದ ಹಾಗೆ ಮಣ್ಣು ಬಿಟ್ಟು ಬರಬೇಕು, ಅಷ್ಟೇ ತಾನೆ?' ಎಂದ. ಅಷ್ಟೇ. ಒಟ್ಟು ಭಾರ ಎಂಟುನೂರು ಕಿಲೊ, ಕಾಲಿನಡಿ ಒತ್ತಡ ಹತ್ತು ಕಿಲೊ. ಎರಡು ಜೊತೆ ಎತ್ತು ಎಳೆದವು.

ಕಂತ್ರಾಟುದಾರನಿಗೆ ಇದರಿಂದ ನಷ್ಟವಿರಲಿಲ್ಲ. ಮಣ್ಣು ತಂದು ಹರಡುವುದು ಅವನದು, ತುಳಿಸುವುದು ಊರಿನದು ಎಂದು ಮಾತಾಯಿತು. ಮಣ್ಣು ಅಂಗೈ ಉದ್ದದ ಪದರಕ್ಕಿಂತ ಹೆಚ್ಚು ಹಾಕಬಾರದು ಎಂಬ ವಿಷಯದಲ್ಲಿ ಮಾತ್ರ ದಿನವೂ ಜಗಳ. ಅವನ ಜನ ಮಂಡಿಯೆತ್ತರ ಸುರಿಯುತ್ತಿದ್ದರು, ಅಣ್ಣಯ್ಯ ಸಲಿಕೆ ಹಿಡಿದು ನಿಂತು ಕೆಳಗೆ ಎಳೆಸುತ್ತಿದ್ದ. ಹಳೆಯ ಏರಿಯ ಒಡೆದ ಬಾಯಿಗೆ ಹೊಸ ಮಣ್ಣು ಸುಮ್ಮನೆ ಒರಗಿಸಿದರೆ ಅಂಟುವುದಿಲ್ಲ. ಮೊದಲು ಎರಡು ಕಡೆಯೂ ಮೆಟ್ಟಿಲು ಕಡಿಸಿ, ನೀರು ಹಾಕಿ, ಆಮೇಲೆ ಮಣ್ಣು. ನೀರನ್ನು ಗಾಡಿಯ ಮೇಲೆ ಪೀಪಾಯಿಗಳಲ್ಲಿ ತಂದರು. ಸಂಜೆ ಹೊತ್ತು ಹಟ್ಟಿಗೆ ಹಿಂದಿರುಗುವ ನಾನೂರು ಕುರಿಗಳನ್ನು ಅದರ ಮೇಲೆ ಹಾಯಿಸಿದ್ದೂ ಉಂಟು. ಎಸ್ಟಿಮೇಟಿಗೆ ಸೇರದಿದ್ದರೂ ಅವು ಬೇಸರಪಡಲಿಲ್ಲ.

ನಮ್ಮ ಮಣ್ಣಿಗೆ ಅಚ್ಚಿನಲ್ಲಿ ಬಂದ ಗರಿಷ್ಠ ಸಾಂದ್ರತೆ 1.85, ಹದ ಶೇಕಡ 13. ತುಳಿಸಿದ ಪದರದಲ್ಲಿ ಗುಂಡಿ ತೋಡಿ, ತೆಗೆದ ಮಣ್ಣನ್ನು ಅಂಗಡಿ ಶೆಟ್ಟರ ತಕ್ಕಡಿಯಲ್ಲಿ ತೂಗಿ, ಗುಂಡಿಗೆ ಒಣಮರಳು ತುಂಬಿ ಅಳೆದರೆ 1.78. ಶೇಕಡ 96. ಕುಣಿಯುವಷ್ಟು ಸಂತೋಷವಾಯಿತು. ಮಾರನೆಯ ದಿನ ತೂಬಿನ ಕಲ್ಲಿಗೆ ತಾಗಿ ತೋಡಿದೆ. 1.68. ದಿಮ್ಮಿಯ ನೊಗದ ಮರ ಕಲ್ಲಿಗೆ ತಗಲುತ್ತದೆಂದು ಎತ್ತು ಹೊಡೆಯುವವರು ಒಂದು ಮೊಳ ಬಿಟ್ಟೇ ಹೋಗುತ್ತಿದ್ದರು. ಪುಣೆಯ ಮುಖ್ಯಸ್ಥರ ಎಂಟು ಅಂಗುಲ ಇಲ್ಲಿ ಹದಿನೆಂಟು ಆಗಿತ್ತು.

ಅಷ್ಟನ್ನೂ ಕೀಳಿಸಿ, ಮೂರು ಮೂರು ಅಂಗುಲದ ಪದರ ಹಾಕಿ ದಿಮ್ಮಸು ಹೊಡೆಸುವುದೆಂದಾಯಿತು. ಕೂಲಿಗೆ ಯಾರನ್ನು ಕರೆಯೋಣ ಎಂದು ಮಾತಾಡುತ್ತಿದ್ದಾಗ ನೀರುಗಂಟಿಯ ತಮ್ಮ ಬಂದ. 'ಇಲ್ಲಿ ನಾನು ಹಾಕ್ತೀನಿ ಬುದ್ಧಿ, ನೀವು ಆ ಕಡೆ ನೋಡ್ಕಳಿ' ಎಂದ. ಹನ್ನೊಂದು ದಿನ ಅವನು, ಅವನ ಹೆಂಡತಿ, ತೀರಿಕೊಂಡವನ ಹಿರಿಯ ಮಗ, ಮೂವರೇ ಹೊಡೆದರು. ಬೇರೆ ಯಾರನ್ನೂ ಸೇರಿಸಲಿಲ್ಲ. ನಾನು ಹೊರಡುವ ಹಿಂದಿನ ದಿನ ಅಳೆದಾಗ ಅಲ್ಲಿ 1.76 ಇತ್ತು. ಅವನಿಗೆ ಹೇಳಿದೆ. ಅಂಕಿ ಅವನಿಗೆ ಬೇಕಿರಲಿಲ್ಲ. 'ನೀರು ಬರಲಿ, ನೋಡಾಣ' ಎಂದ.

ನೀರು ಮರುವರ್ಷ ಬಂತು. 1979ರ ಅಕ್ಟೋಬರಿನಲ್ಲಿ ಅಣ್ಣಯ್ಯನ ಕಾರ್ಡು: 'ಕೋಡಿ ಬಿದ್ದಿದೆ. ಏರಿ ಹಿಂದೆ ಒಣಗೇ ಇದೆ. ತೂಬಿನ ಹತ್ರ ನಾವಿಬ್ರೂ ಮೂರು ರಾತ್ರಿ ಮಲಗಿದ್ವಿ.' ಇನ್ನೊಬ್ಬ ಯಾರು ಎಂದು ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಮುಂದಿನ ನನ್ನ ವೃತ್ತಿಜೀವನವೆಲ್ಲ ಕಂಪನದ ರೋಲರಿನದು. ಸ್ವೀಡನ್, ಜರ್ಮನಿಗಳ ವಿದ್ಯೆ ಅದು. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಬೇರೂರಿತು. ಡ್ರಮ್ಮಿನೊಳಗೆ ಒಂದು ಕಡೆ ಭಾರವಿರುವ ದಂಡವೊಂದು ಸೆಕೆಂಡಿಗೆ ಮೂವತ್ತು ಸಲ ತಿರುಗುತ್ತದೆ. ನಾಲ್ಕು ಟನ್ನಿನ ಡ್ರಮ್ಮು ಎರಡು ಮಿಲಿಮೀಟರಿಗೂ ಕಡಮೆ ಎತ್ತರ ಕುಣಿದರೆ ಸಾಕು, ಇಪ್ಪತ್ತೈದು ಟನ್ನಿನಷ್ಟು ಬಲ ಹುಟ್ಟುತ್ತದೆ. ಆ ನಡುಕದಲ್ಲಿ ಮರಳು, ಗರಸುಗಳ ಕಣಗಳು ಕ್ಷಣಕಾಲ ಹಟ ಬಿಟ್ಟು ಜಾರಿ ಕೂತುಕೊಳ್ಳುತ್ತವೆ. ದಂಡವನ್ನು ಹಿಂದುಮುಂದಾಗಿ ತಿರುಗಿಸಿದರೆ ಅದರೊಳಗಿನ ಸಡಿಲ ಭಾರ ಆಚೆ ಬಿದ್ದು ಕುಣಿತ ಅರ್ಧವಾಗುತ್ತದೆ. ತೆಳು ಪದರಕ್ಕೆ ಅದು. ನೆಲ ಪೂರ್ತಿ ಗಟ್ಟಿಯಾದ ಮೇಲೂ ಕುಣಿಸಿದರೆ ಡ್ರಮ್ಮು ನೆಗೆದು ನೆಗೆದು ತಾನು ಮಾಡಿದ್ದನ್ನು ತಾನೇ ಒಡೆಯುತ್ತದೆ. ಸುತ್ತಲ ಮನೆಗಳ ಗೋಡೆ ಬಿರುಕು ಬಿಡುವುದೂ ಉಂಟು, ಇದು ಸಹಕಾರಿ ಸೊಸೈಟಿಗಳ ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತು. ಆದರೆ ನಮಗೆ ಹೆಚ್ಚು ತಲೆನೋವು ತಂದದ್ದು ಮಣ್ಣಲ್ಲ, ಡ್ರೈವರು. ಮೊದಲ ಯಂತ್ರ ಓಡಿಸಿದವನು, 'ಸಾಹೇಬ್, ರಾತ್ರಿ ಮಲಗಿದರೂ ಹಾಸಿಗೆ ನಡುಗುತ್ತೆ' ಎಂದಿದ್ದ. ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಕೂರಿಸುವ ರಬ್ಬರ್ ತುಂಡುಗಳನ್ನು ಎಷ್ಟು ಮೆತ್ತಗೆ ಮಾಡಬಹುದು ಎಂಬುದಕ್ಕೆ ಮೂರು ಮಾದರಿ ಯಂತ್ರ ಬೇಕಾದವು. ರಬ್ಬರು ಮೆತ್ತಗಾದರೆ ಡ್ರೈವರಿಗೆ ನಿದ್ದೆ, ತೀರ ಮೆತ್ತಗಾದರೆ ರಬ್ಬರಿಗೆ ಮರಣ. ನನಗೆ ಹೆಮ್ಮೆಯೇನಾದರೂ ಇದ್ದರೆ ಅದು ಕಂಪನದ ಬಲದ ಬಗ್ಗೆ ಅಲ್ಲ, ಆ ಆಸನದ ಬಗ್ಗೆ.

ಅಣ್ಣಯ್ಯ 2009ರಲ್ಲಿ ತೀರಿಕೊಂಡ. 2023ರ ಬೇಸಗೆಯಲ್ಲಿ ಅವನ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ಕಳಿಸಿದ. ಕೆರೆ ಏರಿಯನ್ನು ಅಗಲ ಮಾಡುತ್ತಿದ್ದಾರೆ, ಹನ್ನೊಂದು ಟನ್ನಿನ ಕಂಪನದ ರೋಲರು ಗುಡುಗುತ್ತ ತೂಬಿನ ಕಡೆಗೇ ಬರುತ್ತಿದೆ. 'ನೋಡಿ ಚಿಕ್ಕಪ್ಪ, ನಿಮ್ಮ ಮಿಷನ್ ಬಂದಿದೆ' ಎಂದು ಬರೆದಿದ್ದ. ಕೂಡಲೇ ಫೋನು ಮಾಡಿದೆ. ಹಳೆಯ ಕಲ್ಲುಕಟ್ಟಡದಿಂದ ಹತ್ತು ಮೀಟರು ಈಚೆಗೇ ಕಂಪನ ನಿಲ್ಲಿಸಲಿ, ಕಲ್ಲಿನ ಪಕ್ಕ ರೋಲರೇ ಬೇಡ, ದಿಮ್ಮಸು ಹಾಕಿಸು ಎಂದೆ. ಈಗ ದಿಮ್ಮಸು ಎಲ್ಲಿ ಸಿಗುತ್ತೆ ಚಿಕ್ಕಪ್ಪ ಎಂದು ಅವನ ಅನುಮಾನ. ಸಂಜೆ ಅವನೇ ಫೋನು ಮಾಡಿದ. ಡ್ರೈವರು ಒರಿಸ್ಸಾದ ಹುಡುಗ, ಹೇಳಿದ್ದಕ್ಕೆ ಒಪ್ಪಿ ಕಂಪನ ನಿಲ್ಲಿಸಿದನಂತೆ. ಶಿರಾದಿಂದ ಪೆಟ್ರೋಲ್ ಎಂಜಿನ್ನಿನ ದಿಮ್ಮಸು ಬಾಡಿಗೆಗೆ ತಂದಿದ್ದಾರಂತೆ, ಕಪ್ಪೆಯ ಹಾಗೆ ಕುಪ್ಪಳಿಸುತ್ತದಂತೆ. ಮೂರಂಗುಲದ ಪದರ ಎಂದು ಹೇಳಿದ್ದೇನೆ, ನಾಳೆ ಬೆಳಿಗ್ಗೆ ಶುರು, ನೀರಿನ ಟ್ಯಾಂಕರ್ ಬಂದಿದೆ ಎಂದ.